ಕೂಲಿಗೆ ಮಾತ್ರ ‘ನಾಳೆ ಬಾ’

2019ನೇ ಇಸವಿಯ ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ ಬನ್ನಿ.

ಮೊದಲನೆಯದು ಜುಲೈ ತಿಂಗಳದ್ದು. ದೇಶದಲ್ಲಿ ಒಬ್ಬ ಕೂಲಿಕಾರನಿಗೆ ದಿನಕ್ಕೆ ಕನಿಷ್ಠ ಎಷ್ಟು ಸಿಗಬೇಕು ಅಂತ ಲೆಕ್ಕ ಹಾಕಲು ಕೇಂದ್ರ ಸರ್ಕಾರವೇ ಅನೂಪ್ ಸತ್ಪತಿ ಅವರ ನೇತೃತ್ವದಲ್ಲಿ ತಜ್ಞರ ಸಮಿತಿಯೊಂದನ್ನು ಮಾಡಿತ್ತು. ಸಮಿತಿಯವರು ಊಟ, ಬಟ್ಟೆ, ಬಾಡಿಗೆ, ಮಕ್ಕಳ ಓದು, ಔಷಧಿ ಎಲ್ಲ ಕೂಡಿಸಿ, 2018ರ ಬೆಲೆಗಳ ಪ್ರಕಾರ ದಿನಕ್ಕೆ 375 ರೂಪಾಯಿ ಬೇಕು ಅಂತ ವರದಿ ಕೊಟ್ಟರು. ಅದಾದ ಮೇಲೆ ಸರ್ಕಾರ ಪ್ರಕಟಿಸಿದ್ದೇನು ಗೊತ್ತಾ? ಆಗ 176 ರೂಪಾಯಿ ಇದ್ದ ರಾಷ್ಟ್ರಮಟ್ಟದ ತಳಕೂಲಿಯನ್ನು 178ಕ್ಕೆ ಏರಿಸಿತು. ಏರಿಕೆ ಎರಡು ರೂಪಾಯಿ. ಅದಕ್ಕೂ ಕಾನೂನಿನ ಬಲ ಇರಲಿಲ್ಲ, ರಾಜ್ಯಗಳಿಗೆ ಅದೊಂದು ಸಲಹೆ ಅಷ್ಟೇ.

ಎರಡನೆಯದು ಅದೇ ವರ್ಷದ ಸೆಪ್ಟೆಂಬರ್ 20ರದ್ದು. ಕಂಪನಿಗಳ ಮೇಲಿನ ಮೂಲ ತೆರಿಗೆಯನ್ನು ಶೇ 30ರಿಂದ ಶೇ 22ಕ್ಕೆ ಇಳಿಸುತ್ತಿದ್ದೇವೆ, ಹೊಸದಾಗಿ ಶುರುವಾಗುವ ತಯಾರಿಕಾ ಕಂಪನಿಗಳಿಗೆ ಶೇ 15 ಸಾಕು ಅಂತ ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಘೋಷಿಸಿದರು. ಸಂಸತ್ತು ಸೇರುವ ತನಕವೂ ಕಾಯಲಿಲ್ಲ, ಸುಗ್ರೀವಾಜ್ಞೆ ಬಂತು. ಬೊಕ್ಕಸಕ್ಕೆ ಆಗುವ ಖೋತಾ ವರ್ಷಕ್ಕೆ ಸುಮಾರು 1.45 ಲಕ್ಷ ಕೋಟಿ ಅಂತ ಸರ್ಕಾರವೇ ಹೇಳಿತು. ಜಾರಿ ಯಾವತ್ತಿಂದ? ಏಪ್ರಿಲ್ 1ರಿಂದ. ಅಂದರೆ ಐದೂವರೆ ತಿಂಗಳು ಹಿಂದಿನಿಂದ.

ತೆರಿಗೆ ಇಳಿಸಿದ್ದು ಸರಿಯೋ ತಪ್ಪೋ ಅನ್ನೋ ಚರ್ಚೆಗೆ ನಾನು ಇಲ್ಲಿ ಇಳಿಯಲ್ಲ. ನನಗೆ ಕುತೂಹಲ ಇರೋದು ದಿನಾಂಕಗಳ ಬಗ್ಗೆ. ಉಳ್ಳವರಿಗೆ ಕೊಡಬೇಕಾದಾಗ ಕ್ಯಾಲೆಂಡರ್ ಹಿಂದಕ್ಕೆ ತಿರುಗುತ್ತೆ, ದುಡಿಯುವವರಿಗೆ ಕೊಡಬೇಕಾದಾಗ ಮುಂದಕ್ಕೆ ಜರಗುತ್ತೆ. ಕೂಲಿಯ ವಿಷಯದಲ್ಲಿ ಆಳುವವರ ಪ್ರಭಾವ ಹೇಗೆ ಕೆಲಸ ಮಾಡುತ್ತೆ ಅಂದಾಗ ನಾವು ಸಾಮಾನ್ಯವಾಗಿ ಊಹಿಸಿಕೊಳ್ಳೋದು ಮುಚ್ಚಿದ ಬಾಗಿಲ ಹಿಂದೆ ಯಾರೋ ಕೂತು ಮೊತ್ತ ಕಡಿಮೆ ಮಾಡಿಸುವುದನ್ನು. ಅದೂ ನಡೆಯುತ್ತೆ, ಇಲ್ಲ ಅನ್ನಲ್ಲ. ಆದರೆ ಮೊತ್ತಕ್ಕಿಂತ ದೊಡ್ಡ ಆಯುಧ ಸಮಯ. ‘ಇಲ್ಲ’ ಅನ್ನೋದೇ ಬೇಡ, ‘ಆಮೇಲೆ’ ಅಂದರೆ ಸಾಕು.

ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಬೆಳೆದವರಿಗೆ ಬಾಗಿಲ ಮೇಲಿನ ‘ನಾಳೆ ಬಾ’ ನೆನಪಿರಬೇಕು. ರಾತ್ರಿ ಬಾಗಿಲು ತಟ್ಟೋ ದೆವ್ವ ಅದನ್ನು ಓದಿ ವಾಪಸ್ ಹೋಗುತ್ತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತೆ. ದೆವ್ವವನ್ನು ಓಡಿಸುವ ಅಗತ್ಯವೇ ಇಲ್ಲ. ನಮ್ಮ ಕಾರ್ಮಿಕ ನೀತಿಯ ಬಾಗಿಲಿನ ಮೇಲೂ ಅದೇ ಎರಡು ಪದ ಬರೆದಿದೆ.

ಇದನ್ನು ನೋಡೋಕೆ ದೆಹಲಿಗೆ ಹೋಗಬೇಕಿಲ್ಲ. ಬೊಮ್ಮನಹಳ್ಳಿ, ಪೀಣ್ಯ, ಮೈಸೂರು ರಸ್ತೆ ಸಾಕು. ಬೆಳಗ್ಗೆ ನಾವು ಕ್ಯಾಬ್‌ನಲ್ಲಿ ಫೋನ್ ನೋಡ್ತಾ ಹೋಗುವಾಗ ಪಕ್ಕದಲ್ಲಿ ಟೆಂಪೊಗಳಿಂದ ಇಳಿದು, ಊಟದ ಡಬ್ಬಿ ಹಿಡಿದು, ಗೇಟು ಮುಚ್ಚೋ ಮುಂಚೆ ಒಳಗೆ ಸೇರಬೇಕು ಅಂತ ಓಡುವ ಹೆಂಗಸರಿದ್ದಾರಲ್ಲ, ಅವರ ಕಥೆ ಇದು. ಅವರ ಬಾಯಲ್ಲಿ ಅದು ‘ಗಾರ್ಮೆಂಟ್ಸ್‌ಗೆ ಹೋಗೋದು’.

ಅವರ ಕೂಲಿಯನ್ನು ಬಹುಕಾಲ ನಿರ್ಧರಿಸಿದ್ದು 1948ರ ಕನಿಷ್ಠ ವೇತನ ಕಾಯ್ದೆ. ಐದು ವರ್ಷ ಮೀರದಂತೆ ಕೂಲಿಯನ್ನು ಪರಿಷ್ಕರಿಸಬೇಕು ಅಂತ ಆ ಕಾಯ್ದೆ ಹೇಳುತ್ತಿತ್ತು. ಎಷ್ಟು ಕೊಡಬೇಕು ಅನ್ನೋ ಲೆಕ್ಕವೂ ಗುಟ್ಟೇನಲ್ಲ. 1957ರಲ್ಲಿ 15ನೇ ಭಾರತೀಯ ಕಾರ್ಮಿಕ ಸಮ್ಮೇಳನದಲ್ಲಿ ಸರ್ಕಾರ, ಮಾಲೀಕರು, ಕಾರ್ಮಿಕ ಸಂಘಗಳು ಮೂವರೂ ಕೂತು ಒಂದು ಸೂತ್ರ ಒಪ್ಪಿಕೊಂಡಿದ್ದರು. ಒಬ್ಬ ದುಡಿಯುವವನ ಕೂಲಿಯಲ್ಲಿ ಮೂರು ‘ಯೂನಿಟ್’ ಬದುಕಬೇಕು, ಪ್ರತಿ ಯೂನಿಟ್‌ಗೆ ದಿನಕ್ಕೆ 2,700 ಕ್ಯಾಲೊರಿ ಆಹಾರ, ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಸೌದೆ-ದೀಪ ಇತ್ಯಾದಿಗೆ ಶೇ 20. ಗಂಡ 1, ಹೆಂಡತಿ 0.8, ಎರಡು ಮಕ್ಕಳು 0.6ರಂತೆ ಎಣಿಸಿದರೆ ಮೂರು ಯೂನಿಟ್. ವಯಸ್ಸಾದ ಅಪ್ಪ-ಅಮ್ಮ ಲೆಕ್ಕದಲ್ಲೇ ಇಲ್ಲ! 1991ರಲ್ಲಿ ರೆಪ್ಟಕೋಸ್ ಬ್ರೆಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಕ್ಕಳ ಶಿಕ್ಷಣ, ವೈದ್ಯಕೀಯ ಖರ್ಚು, ಹಬ್ಬ-ಹರಿದಿನ, ಮುಪ್ಪು, ಮದುವೆ ಇವೆಲ್ಲ ಇರುತ್ತಲ್ಲಪ್ಪ, ಅದಕ್ಕೆ ಇನ್ನು ಶೇ 25 ಸೇರಿಸಿ ಅಂತ ಹೇಳಿತು.

ಹೀಗೆ ಲೆಕ್ಕ ಸಿದ್ಧವಾಗಿ ದಶಕಗಳೇ ಕಳೆದಿವೆ. ಈ ಸೂತ್ರದ ಪ್ರಕಾರ ಕೊಡಿ ಅನ್ನೋದು ಇವತ್ತಿಗೂ ಕಾರ್ಮಿಕ ಸಂಘಗಳ ‘ಬೇಡಿಕೆ’. ಒಮ್ಮೆ ಒಪ್ಪಿಕೊಂಡದ್ದು ಇಷ್ಟು ವರ್ಷದ ಮೇಲೂ ಬೇಡಿಕೆಯಾಗಿ ಉಳಿದಿದೆ ಅಂದರೆ ತಕರಾರು ಗಣಿತದ್ದಲ್ಲ ಅಂತಾಯ್ತು.

2018ರ ಆರಂಭದಲ್ಲಿ ಏನಾಯ್ತು ನೋಡಿ. ಗಾರ್ಮೆಂಟ್ಸ್ ಕೂಲಿಯನ್ನು ಗಣನೀಯವಾಗಿ ಏರಿಸುವ ಕರಡು ಅಧಿಸೂಚನೆ ಹೊರಬಿತ್ತು. ಕಾರ್ಖಾನೆ ಮಾಲೀಕರು ಆಕ್ಷೇಪ ಎತ್ತಿದರು. ಕೆಲವೇ ವಾರಗಳಲ್ಲಿ ಕರಡು ವಾಪಸ್. ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ.

2020ರದ್ದು ಇನ್ನೂ ಸ್ವಾರಸ್ಯ. ಪ್ರತಿ ಏಪ್ರಿಲ್ 1ಕ್ಕೆ ಕನಿಷ್ಠ ಕೂಲಿಯ ಮೇಲೆ ತುಟ್ಟಿಭತ್ಯೆ ಸೇರುತ್ತೆ. ಫ್ಯಾಕ್ಟರಿಯಲ್ಲಿ ಎಲ್ಲರೂ ಅದನ್ನು ಡಿಎ ಅಂತಾರೆ. ಇದನ್ನು ಸಂಬಳ ಏರಿಕೆ ಅಂತ ತಿಳಿಯಬೇಡಿ. ಹೋದ ವರ್ಷ ಅಕ್ಕಿ-ಎಣ್ಣೆ ಎಷ್ಟು ತುಟ್ಟಿಯಾಯ್ತೋ ಅದನ್ನು ಬೆಲೆ ಸೂಚ್ಯಂಕದಿಂದ ಲೆಕ್ಕ ಹಾಕಿ ತುಂಬಿಕೊಡೋದು ಅಷ್ಟೇ. ನಿಂತ ನೆಲ ಕುಸಿಯದ ಹಾಗೆ ನೋಡಿಕೊಳ್ಳೋದು. ಆ ವರ್ಷದ ಡಿಎ ತಿಂಗಳಿಗೆ 417 ರೂಪಾಯಿ 60 ಪೈಸೆ. 26 ಕೆಲಸದ ದಿನಕ್ಕೆ ಭಾಗಿಸಿ, ದಿನಕ್ಕೆ 16 ರೂಪಾಯಿ. ನಮ್ಮ ದರ್ಶಿನಿಗಳಲ್ಲಿ ಒಂದು ಕಾಫಿ ಬರ್ತಿತ್ತೇನೋ.

ಮಾಲೀಕರ ಕೋರಿಕೆಯ ಮೇರೆಗೆ ಸರ್ಕಾರ ಜುಲೈನಲ್ಲಿ ಆದೇಶ ಹೊರಡಿಸಿ ಈ ಡಿಎಯನ್ನು ಒಂದು ವರ್ಷ ಮುಂದೂಡಿತು. ಈ ಬಾರಿ ಇದ್ದದ್ದು ಬಿಜೆಪಿ ಸರ್ಕಾರ. ಕಾರ್ಮಿಕ ಸಂಘಗಳು ಹೈಕೋರ್ಟಿಗೆ ಹೋದವು. ಸೆಪ್ಟೆಂಬರಿನಲ್ಲಿ ಕೋರ್ಟು ಮುಂದೂಡಿಕೆಗೆ ತಡೆ ಕೊಟ್ಟು, ಬಾಕಿ ಪಾವತಿಸಬೇಕು ಅಂದಿತು. ಆದರೂ ಬಹುತೇಕ ಕಾರ್ಖಾನೆಗಳು ಕೊಡಲಿಲ್ಲ. ವರ್ಷ ಉರುಳಿತು. ಇನ್ನೊಂದು ಏಪ್ರಿಲ್ ಬಂದು ಹೋಯ್ತು. ಕೊನೆಗೆ ಅಂತರರಾಷ್ಟ್ರೀಯ ಕಾರ್ಮಿಕ ಹಕ್ಕು ಸಂಘಟನೆಗಳು ಗಲಾಟೆ ಎಬ್ಬಿಸಿ, ವಿದೇಶಿ ಪತ್ರಿಕೆಗಳಲ್ಲಿ ಸುದ್ದಿಯಾಗಿ, ಬಟ್ಟೆ ಕೊಳ್ಳುವ ದೊಡ್ಡ ಬ್ರ್ಯಾಂಡುಗಳಿಗೆ ಮುಜುಗರವಾಗಿ, 2022ರ ಆರಂಭದ ಹೊತ್ತಿಗೆ ದೊಡ್ಡ ಕಾರ್ಖಾನೆಗಳು ಬಾಕಿ ಕೊಡಲು ಒಪ್ಪಿದವು. ವಿಧಾನಸೌಧ, ಹೈಕೋರ್ಟ್, ಕಾರ್ಮಿಕ ಇಲಾಖೆ ಎಲ್ಲ ಇರೋದು ಇದೇ ಊರಲ್ಲಿ. ಬೊಮ್ಮನಹಳ್ಳಿಯ ಹೆಂಗಸಿಗೆ ದಿನದ 16 ರೂಪಾಯಿ ಸಿಗಬೇಕಾದರೆ ಒತ್ತಡ ಯುರೋಪ್-ಅಮೆರಿಕಾದಿಂದ ಬರಬೇಕಾಯ್ತು!

ಇಲ್ಲಿ ಮಾಲೀಕರ ಮಾತನ್ನೂ ಕೇಳಬೇಕು. ಕೊರೊನಾ ಸಮಯದಲ್ಲಿ ವಿದೇಶಿ ಬ್ರ್ಯಾಂಡುಗಳು ಆರ್ಡರ್ ರದ್ದು ಮಾಡಿದ್ದು ನಿಜ. ಹೊಲಿದು ಪ್ಯಾಕ್ ಮಾಡಿಟ್ಟ ಮಾಲನ್ನೂ ಬೇಡ ಅಂದದ್ದು ನಿಜ. ಸಣ್ಣ ಘಟಕಗಳು ಒದ್ದಾಡಿದವು. ಸರಿ, ಕಷ್ಟ ಎಲ್ಲರಿಗೂ ಇತ್ತು. ಆದರೆ ಕಷ್ಟವನ್ನು ಯಾರ ಹೆಗಲಿಗೆ ವರ್ಗಾಯಿಸಬೇಕು ಅನ್ನೋದನ್ನು ಆ ಆದೇಶ ತೀರ್ಮಾನ ಮಾಡಿತು. ನಾಲ್ಕು ಲಕ್ಷ ಕಾರ್ಮಿಕರು ಅಂತಿಟ್ಟುಕೊಂಡು ಗುಣಿಸಿ ನೋಡಿ, ತಿಂಗಳಿಗೆ 16 ಕೋಟಿಗೂ ಹೆಚ್ಚು. ಈ ಹಣ ಸುಮಾರು ಎರಡು ವರ್ಷ ಕಾರ್ಖಾನೆಗಳ ಕೈಯಲ್ಲೇ ಉಳಿಯಿತು. ಬಡ್ಡಿಯಿಲ್ಲದ ಸಾಲ, ಕೊಟ್ಟವರು ಹೊಲಿಗೆ ಮಿಷನ್ ಮುಂದೆ ಕೂತವರು. ಅದೇ ಸಮಯದಲ್ಲಿ ಆ ಹೆಂಗಸರು ಮನೆ ನಡೆಸೋಕೆ ಸಂಘದಲ್ಲಿ, ಲೇವಾದೇವಿಯವರ ಹತ್ತಿರ ತಂದ ಸಾಲಕ್ಕೆ ಬಡ್ಡಿ ಬೀಳ್ತಾನೇ ಇತ್ತು. ‘ಆಮೇಲೆ ಕೊಡ್ತೀವಿ’ ಅನ್ನೋದು ಹೀಗೆ ಬರೀ ತಡ ಆಗಿ ಉಳಿಯಲ್ಲ. ಒಬ್ಬರ ಜೇಬಿನಿಂದ ಇನ್ನೊಬ್ಬರ ಜೇಬಿಗೆ ಹಣ ಹೋಗುತ್ತೆ. ಯಾರೂ ಕಳ್ಳತನ ಅನ್ನದ ಹಾಗೆ ಹೋಗುತ್ತೆ.

ಇನ್ನು ಎಲ್ಲರೂ ಹೇಳುವ ಮಾತು: ‘ಕೂಲಿ ಜಾಸ್ತಿ ಮಾಡಿದ್ರೆ ಫ್ಯಾಕ್ಟರಿ ಬಾಂಗ್ಲಾದೇಶಕ್ಕೆ ಹೋಗುತ್ತೆ.’ ನಮ್ಮ ಆಫೀಸಿನ ಊಟದ ಟೇಬಲ್ ಮೇಲೂ ಇದು ತಪ್ಪದೆ ಬರುತ್ತೆ. ಬಾಂಗ್ಲಾದ ಪೈಪೋಟಿ ಸುಳ್ಳಲ್ಲ. ಆದರೆ ಢಾಕಾಕ್ಕೆ ಹೋಗುವ ಮುಂಚೆ ಕಾರ್ಖಾನೆ ಮದ್ದೂರಿಗೆ ಹೋಗುತ್ತೆ. ನಮ್ಮಲ್ಲಿ ಕನಿಷ್ಠ ಕೂಲಿಗೂ ವಲಯಗಳಿವೆ, ಬೆಂಗಳೂರಿನಿಂದ ದೂರ ಹೋದ ಹಾಗೆ ಕಾನೂನೇ ಕೂಲಿ ಇಳಿಸಿಕೊಡುತ್ತೆ. ರಾಮನಗರ, ಮಂಡ್ಯ, ಹಾಸನದ ಕಡೆ ಗಾರ್ಮೆಂಟ್ಸ್ ಬೆಳೆದದ್ದಕ್ಕೆ ಇದೂ ಒಂದು ಕಾರಣ. ಊರಲ್ಲಿ ಬಾಡಿಗೆ ಕಡಿಮೆ ಅನ್ನೋ ಸಮರ್ಥನೆ ಇದೆ. ಗ್ಯಾಸ್ ಸಿಲಿಂಡರ್, ಎಣ್ಣೆ, ಮೊಬೈಲ್ ರೀಚಾರ್ಜ್‌ಗೆ ಮದ್ದೂರಲ್ಲಿ ಬೇರೆ ರೇಟಾ?

ಸರ್ಕಾರಿ ಕೆಲಸವೇ ನಿಧಾನ, ಅದರಲ್ಲೇನು ವಿಶೇಷ ಅಂತ ನೀವು ಕೇಳಬಹುದು. ಸರಿ, ಅದೇ ಸರ್ಕಾರಗಳು ಎಷ್ಟು ವೇಗವಾಗಿ ಓಡಬಲ್ಲವು ಅನ್ನೋದನ್ನೂ ನೋಡಿಬಿಡೋಣ.

2020ರ ಮೇ 5. ಲಾಕ್‌ಡೌನಿನಲ್ಲಿ ಸಿಕ್ಕಿಬಿದ್ದ ವಲಸೆ ಕಾರ್ಮಿಕರನ್ನು ಊರಿಗೆ ಕಳಿಸೋ ರೈಲುಗಳು ಓಡುತ್ತಿದ್ದವು. ಆ ದಿನ ಮುಖ್ಯಮಂತ್ರಿ ಯಡಿಯೂರಪ್ಪ ಅವರು ಬಿಲ್ಡರ್‌ಗಳ ಜತೆ ಸಭೆ ನಡೆಸಿದರು. ಅವತ್ತೇ ನಮಗೆ ರೈಲು ಬೇಡ ಅಂತ ರಾಜ್ಯದಿಂದ ರೈಲ್ವೆಗೆ ಪತ್ರ ಹೋಯ್ತು. ದೇಶವೆಲ್ಲ ಛೀಮಾರಿ ಹಾಕಿದ ಮೇಲೆ ಎರಡು-ಮೂರು ದಿನದಲ್ಲಿ ರೈಲು ಮತ್ತೆ ಶುರುವಾಯ್ತು, ಅದು ಬೇರೆ ಮಾತು. ಊರಿಗೆ ಹೋಗುವ ದಾರಿಯೇ ಇಲ್ಲದವನು ಕೂಲಿ ಚೌಕಾಸಿ ಮಾಡೋದು ಹೇಗೆ? ಕೂಲಿ ಅನ್ನೋ ಪದ ಆ ಪತ್ರದಲ್ಲಿ ಇಲ್ಲದಿದ್ದರೂ ಅದು ಕೂಲಿಯ ನೀತಿಯೇ ಆಗಿತ್ತು.

2024ರ ಜುಲೈ. ಖಾಸಗಿ ಕೆಲಸಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಕೊಡುವ ಮಸೂದೆಗೆ ಸಿದ್ದರಾಮಯ್ಯ ಸಂಪುಟ ಒಪ್ಪಿಗೆ ಕೊಟ್ಟಿತು. ಆ ಮಸೂದೆ ಒಳ್ಳೇದೋ ಕೆಟ್ಟದ್ದೋ ಅನ್ನೋದರ ಬಗ್ಗೆ ನಿಮ್ಮ ಅಭಿಪ್ರಾಯ ಏನೇ ಇರಲಿ. ಉದ್ಯಮಿಗಳು ಟ್ವೀಟ್ ಮಾಡಿದರು, ನ್ಯಾಸ್‌ಕಾಂ ಹೇಳಿಕೆ ಕೊಟ್ಟಿತು. ಎರಡೇ ದಿನದಲ್ಲಿ ಮಸೂದೆಗೆ ತಡೆ ಬಿತ್ತು. ಹೊಲಿಗೆಯವರಿಗೆ ಕೋರ್ಟಿನ ಆದೇಶ ಕೈಯಲ್ಲಿದ್ದೂ ವರ್ಷ ಮೀರಿ ಕಾಯಬೇಕಾಯ್ತು. ಇವರಿಗೆ ಟ್ವೀಟ್ ಸಾಕಾಯ್ತು.

2025ರ ಮಾರ್ಚ್ 21. ಸದನದಲ್ಲಿ ಗದ್ದಲವೋ ಗದ್ದಲ. ಅದರ ನಡುವೆಯೇ ಚರ್ಚೆಯಿಲ್ಲದೆ ಶಾಸಕರ ಸಂಬಳ ತಿಂಗಳಿಗೆ 40 ಸಾವಿರದಿಂದ 80 ಸಾವಿರಕ್ಕೆ, ಮುಖ್ಯಮಂತ್ರಿಯದು 75 ಸಾವಿರದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಪಾಸಾದವು. ಭತ್ಯೆಗಳು ಬೇರೆ. ಮುಂದಿನ ತಿಂಗಳು, ಏಪ್ರಿಲ್‌ನಲ್ಲಿ, ಅದೇ ಸರ್ಕಾರ ರಾಜ್ಯದ ಕಾರ್ಮಿಕರ ಕನಿಷ್ಠ ಕೂಲಿ ಏರಿಕೆಯ ಪ್ರಸ್ತಾವ ಹೊರಡಿಸಿತು. ಆದರೆ ಅದು ಕರಡು. ಕಾಯ್ದೆಯ ಪ್ರಕಾರ ಆಕ್ಷೇಪಣೆಗೆ ಕನಿಷ್ಠ ಎರಡು ತಿಂಗಳು ಕೊಡಬೇಕು. ಆಕ್ಷೇಪ ಕೇಳೋದು ತಪ್ಪಲ್ಲ, ಪ್ರಜಾಪ್ರಭುತ್ವದಲ್ಲಿ ಕೇಳಲೇಬೇಕು. ಆದರೆ ಶಾಸಕರ ಸಂಬಳ ದುಪ್ಪಟ್ಟು ಮಾಡುವಾಗ ಯಾರ ಆಕ್ಷೇಪಣೆ ಕೇಳಿದ್ರಿ ಸ್ವಾಮಿ? ಖಜಾನೆಗೆ ಹೊರೆ, ಪೈಪೋಟಿ, ಬಾಂಗ್ಲಾದೇಶ ಇವೆಲ್ಲ ಆ ಒಂದು ದಿನ ಎಲ್ಲಿ ಹೋಗಿದ್ದವು?

ಗಮನಿಸಿ, ಮೇಲಿನ ಉದಾಹರಣೆಗಳಲ್ಲಿ ಎರಡೂ ಪಕ್ಷಗಳಿವೆ. ಸರ್ಕಾರಗಳು ಬದಲಾಗುತ್ತವೆ, ಯಾರಿಗೆ ಎಷ್ಟು ವೇಗ ಅನ್ನೋದು ಬದಲಾಗಲ್ಲ.

ಒಂದೇ ಒಂದು ಸಲ ಆ ವೇಗ ಈ ಹೆಂಗಸರಿಗೂ ಸಿಕ್ಕಿತ್ತು. 2016ರ ಏಪ್ರಿಲ್‌ನಲ್ಲಿ. ಭವಿಷ್ಯ ನಿಧಿಯಲ್ಲಿ ಮಾಲೀಕರು ಕಟ್ಟಿದ ಪಾಲನ್ನು 58 ವರ್ಷ ತುಂಬುವ ತನಕ ತೆಗೆಯುವಂತಿಲ್ಲ ಅಂತ ಕೇಂದ್ರ ಸರ್ಕಾರ ನಿಯಮ ತಂದಿತ್ತು. ದೆಹಲಿಯಲ್ಲಿ ಕೂತವರಿಗೆ ಪಿಎಫ್ ಅಂದರೆ ನಿವೃತ್ತಿಯ ಹಣ. ಗಾರ್ಮೆಂಟ್ಸ್ ಹೆಂಗಸಿಗೆ ಅದು ಕೆಲಸ ಬಿಟ್ಟಾಗ ಕೈಗೆ ಬರೋ ಏಕೈಕ ಗಂಟು. ಮಗಳ ಫೀಸು, ಸಾಲದ ಅಸಲು, ಊರಲ್ಲಿ ಅರ್ಧಕ್ಕೆ ನಿಂತ ಮನೆ ಎಲ್ಲಕ್ಕೂ ಅದೇ. ಏಪ್ರಿಲ್ 18 ಮತ್ತು 19ರಂದು ಸಾವಿರಾರು ಹೆಂಗಸರು ಹೊಸೂರು ರಸ್ತೆ, ತುಮಕೂರು ರಸ್ತೆಗೆ ಇಳಿದರು. ಅವರನ್ನು ಕರೆತಂದ ದೊಡ್ಡ ನಾಯಕರಿರಲಿಲ್ಲ, ಹೆಚ್ಚಿನವರಿಗೆ ಸಂಘವೂ ಇರಲಿಲ್ಲ. ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿ ಬೀಸಿತು, ಊರು ಸ್ತಬ್ಧವಾಯ್ತು. 19ರ ಸಂಜೆಯೊಳಗೆ ಕೇಂದ್ರ ಆ ನಿಯಮವನ್ನೇ ವಾಪಸ್ ತೆಗೆದುಕೊಂಡಿತು. ಅದರ ಲಾಭ ದೇಶದ ಪಿಎಫ್ ಖಾತೆದಾರರಿಗೆಲ್ಲ ಸಿಕ್ಕಿತು, ಅವತ್ತು ಟ್ರಾಫಿಕ್‌ನಲ್ಲಿ ಸಿಕ್ಕಿ ಬೈಕೊಂಡ ನಮ್ಮ ಐಟಿಯವರಿಗೂ.

ಉದ್ಯಮಿಗೆ ಒಂದು ಸಭೆಯಲ್ಲಿ ಆಗುವ ಕೆಲಸಕ್ಕೆ ಇವರು ಲಾಠಿ ಏಟು ತಿನ್ನಬೇಕು. ಆದರೆ ಬೇಕು ಅಂದರೆ ಸರ್ಕಾರಕ್ಕೆ ಎರಡೇ ದಿನ ಸಾಕು ಅನ್ನೋದು ಅವತ್ತು ಎಲ್ಲರಿಗೂ ಗೊತ್ತಾಯ್ತು.

ಇದನ್ನು ಓದ್ತಿರೋ ನೀವು ಬಹುಶಃ ಲ್ಯಾಪ್‌ಟಾಪ್ ಮುಂದೆ ದುಡಿಯುವವರು. ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? ದೊಡ್ಡ ಐಟಿ ಕಂಪನಿಗಳು ತಮ್ಮತಮ್ಮಲ್ಲೇ ಮಾತಾಡಿಕೊಂಡು ಹೊಸಬರ ಸಂಬಳ ಏರದ ಹಾಗೆ ನೋಡ್ಕೋತಿವೆ ಅಂತ 2017ರಲ್ಲಿ ಬಹಿರಂಗವಾಗಿ ಹೇಳಿದ್ದು ಇನ್ಫೋಸಿಸ್‌ನ ಮಾಜಿ ಸಿಎಫ್‌ಒ ಮೋಹನ್‌ದಾಸ್ ಪೈ, ಯಾವ ಕಾರ್ಮಿಕ ನಾಯಕನೂ ಅಲ್ಲ. ಕೆಲಸದ ಷರತ್ತು, ಶಿಸ್ತುಕ್ರಮಗಳನ್ನು ಲಿಖಿತವಾಗಿ ಗೊತ್ತುಮಾಡುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಕರ್ನಾಟಕ 2014ರಲ್ಲಿ ಐಟಿಗೆ ವಿನಾಯಿತಿ ಕೊಟ್ಟಿತು. ‘ತಾತ್ಕಾಲಿಕ’ ಅಂತಿದ್ದ ಅದನ್ನು 2019ರಲ್ಲಿ ಒಮ್ಮೆ, 2024ರಲ್ಲಿ ಇನ್ನೊಮ್ಮೆ ಐದೈದು ವರ್ಷ ಮುಂದುವರಿಸಿದರು. ಬೀದಿಯಲ್ಲಿ ನಿಂತವರಿಗೆ ತಡ ಮಾಡೋರು ನಮಗೂ ತಡವನ್ನೇ ಕೊಡ್ತಾರೆ. ನಮ್ಮದಕ್ಕೆ ಎಸಿ ಇದೆ ಅಷ್ಟೇ.

ಆದರೆ ಇನ್ನೊಂದು ಮಗ್ಗುಲೂ ಇದೆ, ಅಲ್ಲಿ ನಾವೇ ಆಳುವವರು. ಹೋದ ವರ್ಷ ನಮ್ಮ ಅಪಾರ್ಟ್‌ಮೆಂಟಿಗೆ ಸೆಕ್ಯುರಿಟಿ, ಹೌಸ್‌ಕೀಪಿಂಗ್ ಏಜೆನ್ಸಿಯಿಂದ ಪತ್ರ ಬಂತು: ಏಪ್ರಿಲ್ 1ರಿಂದ ಡಿಎ ಪರಿಷ್ಕರಣೆಯಾಗಿದೆ, ಬಿಲ್ ಏರುತ್ತೆ. ಲೆಕ್ಕ ಹಾಕಿದರೆ ಮನೆಗೆ ತಿಂಗಳಿಗೆ 90 ರೂಪಾಯಿ. ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಯಾರೂ ‘ಕೊಡಲ್ಲ’ ಅನ್ನಲಿಲ್ಲ, ನಾವೆಲ್ಲ ಸಭ್ಯರು. ಒಬ್ಬರು ‘ಬಜೆಟ್ ಆಗ್ಲೇ ಪಾಸಾಗಿದೆಯಲ್ಲ’ ಅಂದರು. ಇನ್ನೊಬ್ಬರು ‘ಬೇರೆ ಕೊಟೇಶನ್ ತರಿಸಿ ನೋಡೋಣ’ ಅಂದರು. ಕೊನೆಗೆ ‘ಜುಲೈನಿಂದ ಮಾಡೋಣ’ ಅಂತ ತೀರ್ಮಾನ ಆಯ್ತು. ಹಾಗಾದ್ರೆ ಏಪ್ರಿಲ್‌ನಿಂದ ಜೂನ್ ತನಕದ್ದು ಯಾರು ಕೊಡ್ತಾರೆ ಅಂತ ನಾನು ಕೇಳಿದೆ. ‘ಅದು ಏಜೆನ್ಸಿಯವರು ನೋಡ್ಕೋತಾರೆ ಬಿಡಿ ಸಾರ್’ ಅಂತ ಉತ್ತರ ಬಂತು. ಏಜೆನ್ಸಿಯವರು ಹೇಗೆ ನೋಡ್ಕೋತಾರೆ ಅಂತ ನಮಗೆ ಗೊತ್ತಿಲ್ಲದ್ದೇನಲ್ಲ. ಗೇಟಿನ ಹತ್ತಿರ ನಿಂತು ನಮ್ಮ ಕಾರಿಗೆ ಸೆಲ್ಯೂಟ್ ಹೊಡೆಯೋ ಅಂಕಲ್‌ನ ಮೂರು ತಿಂಗಳ ಡಿಎ ಅಲ್ಲಿಗೆ ಹೋಯ್ತು.

2020ರ ಸರ್ಕಾರಿ ಆದೇಶಕ್ಕೂ ನಮ್ಮ ಮೀಟಿಂಗಿನ ನಿರ್ಧಾರಕ್ಕೂ ಸ್ವಭಾವದಲ್ಲಿ ವ್ಯತ್ಯಾಸ ಇಲ್ಲ. ಎರಡೂ ಕಡೆ ತೀರ್ಮಾನ ಮಾಡಿದವರ ಮನೆಯಲ್ಲಿ ಒಲೆ ಆರುವ ಭಯ ಇರಲಿಲ್ಲ. ಕಾಯುವುದರ ಬೆಲೆ ಗೊತ್ತಿಲ್ಲದವರೇ ಕಾಯಿಸುವ ಅಧಿಕಾರ ಹಿಡಿದಾಗ ಹೀಗೇ ಆಗೋದು. ಅವರು ಕೆಟ್ಟವರೇ ಆಗಿರಬೇಕಿಲ್ಲ.

2019ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ವೇತನ ಸಂಹಿತೆ ಜಾರಿಗೆ ಬಂದದ್ದು 2025ರ ನವೆಂಬರ್ 21ಕ್ಕೆ. ಕೇಂದ್ರ ಗೊತ್ತುಪಡಿಸುವ ತಳಕೂಲಿಗಿಂತ ಕೆಳಗೆ ಯಾವ ರಾಜ್ಯವೂ ಇಳಿಯುವಂತಿಲ್ಲ ಅಂತ ಅದರಲ್ಲಿದೆ. ಒಳ್ಳೆಯ ಮಾತು. ಆ ತಳ ಎಷ್ಟು, ಅದನ್ನು ಎಷ್ಟು ವರ್ಷಕ್ಕೊಮ್ಮೆ ಎತ್ತುತ್ತಾರೆ, ಬೆಲೆ ಏರಿದ ತಿಂಗಳೇ ಎತ್ತುತ್ತಾರಾ ಅನ್ನೋದರ ಮೇಲೆ ಅದರ ಯೋಗ್ಯತೆ ನಿಂತಿದೆ.

ಆದ್ದರಿಂದ ಮುಂದಿನ ಸಲ ‘ಕನಿಷ್ಠ ಕೂಲಿ ಏರಿಕೆ’ ಅಂತ ಪೇಪರಿನಲ್ಲಿ ಓದಿದಾಗ ‘ಎಷ್ಟು’ ಅಂತ ಮಾತ್ರ ನೋಡಿ ಪುಟ ತಿರುಗಿಸಬೇಡಿ. ಕರಡೋ ಅಂತಿಮವೋ? ಆಕ್ಷೇಪಿಸಿದವರು ಯಾರು? ಬಾಕಿ ಯಾರ ಹತ್ತಿರ ಉಳಿದಿದೆ? ಇಷ್ಟನ್ನೂ ಕೇಳಿ. ಸರ್ಕಾರವನ್ನು ಕೇಳೋದು ಕಷ್ಟ ಅನ್ನಿಸಿದರೆ ನಿಮ್ಮ ಅಪಾರ್ಟ್‌ಮೆಂಟಿನ ಅಸೋಸಿಯೇಷನ್‌ನಿಂದ ಶುರು ಮಾಡಬಹುದು. ಏಪ್ರಿಲ್ 1 ಪ್ರತಿ ವರ್ಷ ಬರುತ್ತೆ. ಅವತ್ತು ಕೇಳಬೇಕಾದದ್ದು ಒಂದೇ ಪ್ರಶ್ನೆ: ಯಾವತ್ತಿಂದ ಕೊಡ್ತೀರಿ?